ಹಿಂಡಿಯ ಲೆಕ್ಕ

ಮೂಗು ಮುಚ್ಚಬೇಡ ಇಬುಕಿ, ನಾರುವುದೇ ಇದರ ಗುಣ.
ಎಣ್ಣೆ ತೆಗೆದುಳಿದ ಸಾಸಿವೆ ಜಾತಿಯ ಹಿಂಡಿ,
ಮೂಳೆಪುಡಿ, ಒಣಮೀನಿನ ಹುಡಿ,
ಚಳಿಯಲ್ಲೇ ಕಲಸಿ, ಹುಳಿ ಬರಿಸಿ, ಒಣಗಿಸಿಟ್ಟ ಉಂಡೆ.
ನಿನ್ನ ಹೆಸರು ಬೇರೊಂದು ಮರದ್ದು, ಗೊತ್ತು.
ಕಿನಾಶಿಯ ಈ ಬೀದಿಯಲ್ಲಿ ಅನ್ನ ಕೊಡುವುದು ಪೈನು.

ಕುಂಡದ ಅಂಚಿಗಿಡು. ಬುಡಕ್ಕೆ ಬೇಡ.
ಉಣ್ಣುವ ಬೇರು ತುದಿಯಲ್ಲಿರುತ್ತದೆ,
ಬುಡದಲ್ಲಿರುವುದು ಬರೀ ಗತ್ತು.
ಕರಿ ಪೈನಿಗೆ ಈಗ, ಏಪ್ರಿಲಿನಲ್ಲಿ, ಕೈ ಬಿಚ್ಚಿ ಹಾಕು:
ಇದಕ್ಕೆ ಹನ್ನೆರಡು, ಆ ಚಪ್ಪಟೆ ಕುಂಡಕ್ಕೆ ಎಂಟು.
ಮೊನ್ನೆ ಮಣ್ಣು ಬದಲಿಸಿದೆವಲ್ಲ, ಅದಕ್ಕೆ ಏನೂ ಇಲ್ಲ;
ಬೇರು ಗಾಯವಾದವರನ್ನು ಔತಣಕ್ಕೆ ಕರೆಯಬಾರದು.

ಐದೆಲೆಯದರ ಹತ್ತಿರ ಮಾತ್ರ ಕೈ ಬಿಗಿ.
ಈಗ ಉಣಿಸಿದರೆ ಸೂಜಿ ಉದ್ದ ಬೆಳೆದು
ಕ್ಷೌರ ತಪ್ಪಿಸಿಕೊಂಡ ಹುಡುಗನ ಹಾಗೆ ಕಾಣುತ್ತದೆ.
ಅದರ ಊಟ ಸೆಪ್ಟೆಂಬರಿಗೆ,
ಸೆತೋ ಕಡಲಿನ ಗಾಳಿ ಸ್ವಲ್ಪ ತಣ್ಣಗಾದ ಮೇಲೆ.

ಜೂನಿನ ಕೊನೆಗೆ ಕರಿ ಪೈನಿನ ಚಿಗುರು
ಮೇಣದಬತ್ತಿಯಂತೆ ಎದ್ದು ನಿಂತಾಗ
ಉಂಡೆಗಳನ್ನೆಲ್ಲ ಹೆಕ್ಕಿಬಿಡು.
ಕತ್ತರಿ ಬರುವ ಹೊತ್ತಿಗೆ ಎಲೆ ಎತ್ತಿರಬೇಕು.
ಮೊದಲು ಬಡಕಲು ಚಿಗುರು ಕತ್ತರಿಸು,
ಹತ್ತು ದಿನ ಬಿಟ್ಟು ಕೊಬ್ಬಿದ್ದನ್ನು.
ಸೋಲುವವನಿಗೆ ಹತ್ತು ದಿನ ಮೊದಲೇ ಓಟ ಶುರು, ಅಷ್ಟೆ.
ನನಗಿದನ್ನು ಹೇಳಿದ್ದು ಅತ್ತೆ, ನಾನು ಬಂದ ಮೊದಲ ಬೇಸಗೆ.
ಬೇರೆ ಬುದ್ಧಿಮಾತು ಅವರ ಬಾಯಿಂದ ಕೇಳಿದ ನೆನಪಿಲ್ಲ.

ಆ ಮೂಲೆಯದು ನಮ್ಮದಲ್ಲ.
ಒಕಾಯಾಮದ ಹಲ್ಲಿನ ಡಾಕ್ಟರೊಬ್ಬರು
ಸ್ವಲ್ಪ ದಿನ ನೋಡಿಕೊಳ್ಳಿ ಎಂದು ಬಿಟ್ಟುಹೋದದ್ದು.
ಅವರು ತೀರಿಕೊಂಡರು. ಮಗ ಒಂದು ಕಾಗದ ಬರೆದ,
ಆಮೇಲೆ ಬರೆಯಲಿಲ್ಲ.
ಅತ್ತೆಯ ಪುಸ್ತಕದಲ್ಲಿ ಹದಿನೇಳು ವರ್ಷದ ಬಾಕಿ ಇದೆ,
ಪೆನ್ಸಿಲಿನಲ್ಲಿ.
ಮರಕ್ಕೆ ಹಿಂಡಿಯ ಬಾಕಿ ಒಂದು ವರ್ಷದ್ದೂ ಇಲ್ಲ.

ಹಾಂ, ಪ್ರತಿ ಉಂಡೆಯ ಮೇಲೂ ಈ ಪುಟ್ಟ ಬುಟ್ಟಿ ಮುಚ್ಚು.
ಕಾಗೆಗೆ ಇದೆಂದರೆ ಪ್ರಾಣ.

ಹೋದ ಸೆಪ್ಟೆಂಬರಿನಲ್ಲಿ ಅತ್ತೆ ಬೆಳಿಗ್ಗೆ ಇಟ್ಟರು.
ಉಂಡು, ಮಲಗಿ, ಎದ್ದು
ಮತ್ತೆ ಇಟ್ಟರು. ಮರುದಿನವೂ.
ಡಾಕ್ಟರ ಮರದ ಕುಂಡದಲ್ಲಿ ಪಾಚಿಯೇ ಕಾಣದು.
ಮಳೆ ಬಿದ್ದರೆ ಅಷ್ಟೂ ಇಳಿದು ಬೇರು ಸುಟ್ಟುಹೋಗುತ್ತಿತ್ತು.
ರಾತ್ರಿ ಟಾರ್ಚು ಹಿಡಿದು ಹೋದೆ,
ಒಂಬತ್ತು ಬಿಟ್ಟು ಉಳಿದದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡೆ,
ಕಳ್ಳಿಯ ಹಾಗೆ, ಚಪ್ಪಲಿ ಕೈಯಲ್ಲಿ.

ಬೆಳಿಗ್ಗೆ ಅವರು ಕುಕ್ಕರುಗಾಲಲ್ಲಿ ಕೂತು
ಪಾಚಿಯ ಮೇಲಿನ ಬಿಳಿಚಿದ ಗುರುತುಗಳ ಮೇಲೆ
ಒಂದೊಂದಾಗಿ ಬೆರಳಿಟ್ಟರು.
'ಕಾಗೆ,' ಅಂದೆ.
ಬುಟ್ಟಿಯೊಂದೂ ಉರುಳಿರಲಿಲ್ಲ.
ಅವರು ನನ್ನ ಉಗುರು ನೋಡಿದರು.
'ಲೆಕ್ಕ ಬರುವ ಕಾಗೆ,' ಅಂದರು. 'ಒಂಬತ್ತು ಬಿಟ್ಟಿದೆ.'

ನವೆಂಬರಿನವರೆಗೂ ಹಾಗೇ ನಡೆಯಿತು,
ಹಗಲು ಅವರು, ರಾತ್ರಿ ನಾನು,
ನಡುವೆ ಮರ ತನ್ನ ಪಾಲಿನದನ್ನಷ್ಟೇ ಉಂಡಿತು.
ಚಳಿಗಾಲದಲ್ಲಿ ಉಂಡೆಯಿಲ್ಲ, ಹಳೆ ಸೂಜಿ ಕೀಳುವುದಷ್ಟೆ.
ಆ ಮೂರು ತಿಂಗಳು ಅವರಿಗೆ ನಿದ್ದೆ ಸರಿಯಿರಲಿಲ್ಲ.
ಬರಿಗೈಯಲ್ಲಿ ಹೋಗಿ ಕುಂಡದ ಅಂಚು ಸವರಿ ಬರುತ್ತಿದ್ದರು.

ಈಗ ನೋಡು, ಜಗಲಿಯಲ್ಲಿ ಕೂತಿದ್ದಾರೆ,
ನಿನ್ನ ಕೈಯನ್ನೇ ನೋಡುತ್ತ.
ಅವರಿಗೂ ಒಂದು ಬೋಗುಣಿ ಉಂಡೆ ಕೊಟ್ಟು ಬಾ.
ಎಷ್ಟು ಎಂದು ಹೇಳಬೇಡ.
ಐದೆಲೆಯದಕ್ಕೂ ಇಡುತ್ತಾರೆ, ಇಡಲಿ.
ಆಮೇಲೆ ಕೈ ತೊಳೆ, ವಾಸನೆ ಹೇಗೂ ಮೂರು ದಿನ ಹೋಗದು.
ಟಾರ್ಚು ಬಾಗಿಲ ಹಿಂದೆ ತೂಗುಹಾಕಿದೆ.
ಹೊಸ ಸೆಲ್ಲು ಹಾಕಿಟ್ಟಿದ್ದೇನೆ.