ಬೆಂಗ್ರೆಯಲ್ಲಿ ವಿದೇಶಾಂಗ ನೀತಿ

ಆಂಪ್ಲಿಫೈಯರ್ ಮಡಿಲಲ್ಲಿ, ಎರಡು ಹಾರ್ನು ಕಾಲ ಬುಡದಲ್ಲಿ,
ಫೆರಿಯಲ್ಲಿ ನಾನು. ಎದುರಿಗೆ ಲೋಕಯ್ಯ ಕರ್ಕೇರರು,
ಮಾಜಿ ಸಂಸದರು, ಚಪ್ಪಲಿ ಕೈಯಲ್ಲಿ ಹಿಡಿದು.
ದೋಣಿಯೊಳಗೆ ಒಂದಿಂಚು ನೀರಿತ್ತು, ಹಾಗಾಗಿ.
"ಸಿಪ್ರಿ, ಇವತ್ತು ಕೂಗದಿರಲಿ ಮಾರಾಯ ನಿನ್ನ ಮೈಕು."
"ನೀವು ಅದನ್ನು ನುಂಗಲು ಹೋಗದಿದ್ದರೆ ಕೂಗುವುದಿಲ್ಲ" ಎಂದೆ.

ಇಪ್ಪತ್ತಾರು ವರ್ಷ ಈ ಸ್ವರಕ್ಕೆ ಕರೆಂಟು ಕೊಟ್ಟಿದ್ದೇನೆ.
ಟೌನ್ ಹಾಲು, ಉರ್ವಾ ಮಾರ್ಕೆಟ್ಟು, ಕೂಳೂರು ಸಂಕದ ಬುಡ.
"ಬಂಧುಗಳೇ" ಅನ್ನುವಾಗ ಗುಂಡಿ ಎಷ್ಟು ತಿರುಗಿಸಬೇಕು
ಬೆರಳಿಗೇ ಗೊತ್ತು.
ನಾಲ್ಕು ಚುನಾವಣೆಯ ಬಾಡಿಗೆ ಬಾಕಿ, ಅದು ಬೇರೆ ಮಾತು.

ಶಾಲೆಯ ಅಂಗಳ. ಮರಳು. ನಲವತ್ತು ಕುರ್ಚಿ, ಎಪ್ಪತ್ತು ಜನ.
ಮಗ್ರಿಬ್ ಬಾಂಗ್ ಮುಗಿಯುವವರೆಗೆ ಕಾದು ಶುರುಮಾಡಿದರು:
ನೆರೆಯವನನ್ನು ಆರಿಸಿಕೊಳ್ಳಲು ಆಗುವುದಿಲ್ಲ,
ಬೇಲಿ ಎಷ್ಟು ಎತ್ತರ ಎಂಬುದನ್ನು ಮಾತ್ರ ಆರಿಸಬಹುದು.
ದೊಡ್ಡವರ ಹಗ್ಗಜಗ್ಗಾಟದಲ್ಲಿ ನಮ್ಮ ಕೈ ಸಿಗಿಯಬಾರದು.
ಮನೆಯೊಳಗೆ ಯಾರ ಮಾತೂ ಕೇಳದವನ ಪಂಚಾತಿಕೆಗೆ
ಊರಲ್ಲಿ ಬೆಲೆ ಉಂಟಾ? ದೇಶವೂ ಹಾಗೆಯೇ.
(ಇಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿದೆ.)

ಒಳ್ಳೆಯ ಮಾತೇ, ಸುಳ್ಳು ಹೇಳಬಾರದು.
ಆದರೆ ಬೆಂಗ್ರೆಗೆ ಒಂದು ಮಗ್ಗುಲಲ್ಲಿ ಹೊಳೆ, ಒಂದರಲ್ಲಿ ಕಡಲು.
ಮಳೆಗಾಲದಲ್ಲಿ ಎರಡೂ ಬಂದು ಮರಳು ಕೇಳುತ್ತವೆ.
ಯಾರ ಪಕ್ಷವೂ ಸೇರದೆ ನಡುವೆ ನಿಲ್ಲುವುದು ಹೇಗೆಂದು
ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ.

ಆಯಿಸಮ್ಮ ಎದ್ದರು. ಮೈಕು ಕೊಟ್ಟೆ.
ಅದನ್ನು ಗ್ಲಾಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದರು.
"ನನ್ನ ನಿಯಾಝ್ ಹಡಗಿನಲ್ಲಿ ಅಡಿಗೆಯವ.
ಮಾಲೀಕ ಸಾಲ ತೀರಿಸಲಿಲ್ಲ, ಹಡಗನ್ನೇ ಹಿಡಿದಿಟ್ಟಿದ್ದಾರೆ.
ಏಳು ತಿಂಗಳು. ಇಳಿಯಲಿಕ್ಕೆ ಬಿಡುವುದಿಲ್ಲ.
ನಮ್ಮ ಆಫೀಸಿಗೆ, ಆ ದೇಶದ್ದಕ್ಕೆ, ದಿನಾ ಫೋನು ಮಾಡುತ್ತೇನೆ.
ದೇಶ ದೊಡ್ಡದಾಗಿದೆ ಹೇಳಿದಿರಿ.
ಫೋನು ಎತ್ತುವಷ್ಟು ದೊಡ್ಡದಾ?"

ಕರ್ಕೇರರ ಬಾಯಿ ತೆರೆಯಿತು. ಮುಂದಿನ ವಾಕ್ಯ ನನಗೆ ಬಾಯಿಪಾಠ:
ಸಂಬಂಧಪಟ್ಟವರ ಗಮನಕ್ಕೆ ತರುತ್ತೇನೆ.
ಅದಕ್ಕೆಂದು ಅರ್ಧ ಸುತ್ತು ಏರಿಸಿ ಇಟ್ಟುಕೊಂಡೆ.

ಬರಲಿಲ್ಲ.
ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸಿದರು.
"ಗೊತ್ತಿಲ್ಲ ಆಯಿಸಮ್ಮ. ಯಾರಿಗೆ ಬರೆಯಬೇಕು, ಗೊತ್ತಿಲ್ಲ.
ಬರೆದರೆ ಉತ್ತರ ಬಂದೀತಾ, ಅದೂ.
ಎಂಟು ವರ್ಷ ಆ ಸಮಿತಿಯಲ್ಲಿ ಕೂತಿದ್ದೆ ನಾನು."

ಏರಿಸಿಟ್ಟ ಹಾರ್ನಿನಲ್ಲಿ ಆ ಗೊತ್ತಿಲ್ಲ
ಹೊಳೆ ದಾಟಿತು. ದಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವವರು
ತಲೆ ಎತ್ತಿರಬೇಕು.

ಚಪ್ಪಾಳೆ ಇಲ್ಲ. ಹಿಂದೆ ಯಾರೋ ನಕ್ಕರು,
ಇಬ್ಬರು ಹುಡುಗರು ಬೈಕು ಸ್ಟಾರ್ಟ್ ಮಾಡಿದರು.
ಆಯಿಸಮ್ಮ ತಮ್ಮ ಕುರ್ಚಿಯನ್ನು ಮರಳಲ್ಲಿ ಎಳೆದುಕೊಂಡು
ಒಂದು ಸಾಲು ಮುಂದೆ ಬಂದು ಕೂತರು.
ಜನರ ನಂಬಿಕೆ ಅಂತ ಇವರೆಲ್ಲ ಹೇಳುವುದು ಇದನ್ನೇಯಾ?
ನನಗೆ ತಿಳಿಯದು. ನಾನು ಮೈಕಿನವ.

ಹಿಂದೆ ಬರುವಾಗ ಕಡೆಯ ಫೆರಿ.
ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟಿನ ಜೆರಾಕ್ಸು,
ಅದರ ಹಿಂದೆ ಪೆನ್ಸಿಲಿನಲ್ಲಿ ಹಡಗಿನ ಹುಡುಗನ ನಂಬರು.
ಕರ್ಕೇರರು ಟಾರ್ಚಿನ ಬೆಳಕಲ್ಲಿ ಎಣಿಸಿದರು,
ಮತ್ತೆ ಎಣಿಸಿದರು.
"ಒಂದು ಅಂಕಿ ಕಮ್ಮಿ ಉಂಟಲ್ಲ ಸಿಪ್ರಿ."

ಹಗ್ಗ ಬಿಚ್ಚಿ ಆಗಿತ್ತು.
ಚಪ್ಪಲಿ ನನ್ನ ಆಂಪ್ಲಿಫೈಯರಿನ ಮೇಲೆ ಇಟ್ಟು
ಮೊಣಕಾಲು ನೀರಿಗೆ ಇಳಿದರು, ಎಪ್ಪತ್ತೊಂದರ ಮನುಷ್ಯ,
ಪಂಚೆ ಎತ್ತಿಕೊಂಡು, ದಡದ ಕಡೆಗೆ.
ಫೆರಿಯವ ಎಂಜಿನ್ ನಿಲ್ಲಿಸಿ ಬೀಡಿ ಹಚ್ಚಿದ.