ಹದಿನಾಲ್ಕನೆಯವಳು

ಪ್ರಬಂಧ ಬರೆಯುವುದೂ ಒಂದು ಹೆರಿಗೆಯೇ ಎನ್ನುತ್ತಾರೆ
ಬ್ಲಾಂಟೈರಿನ ನನ್ನ ಗೈಡ್, ಪ್ರೊಫೆಸರ್ ಮ್ಸೂಕ್ವಾ.
ನನಗೆ ನಗು ಬರುವುದಿಲ್ಲ.
ಇಪ್ಪತ್ತೆರಡು ವರ್ಷ ಈ ಕೈಗಳಿಗೆ ಜಾರಿ ಬಂದ ತಲೆಗಳ
ಲೆಕ್ಕ ಇಟ್ಟಿಲ್ಲ. ಆದರೆ ಯಾವ ಅಧ್ಯಾಯ ಮುಗಿದ ಮೇಲೂ
ಬಕೆಟ್ಟಿನಲ್ಲಿ ನೀರು ಹೊತ್ತು ತಂದು
ನೆಲ ತೊಳೆದದ್ದಿಲ್ಲ.

ನನ್ನ ಪ್ರಶ್ನೆ ಚಿಕ್ಕದು:
ದಿನ ತುಂಬುವ ಮುನ್ನ ದೂರದೂರಿಂದ ಬಂದ ಬಸುರಿಯರು
ಆಸ್ಪತ್ರೆಯ ಪಕ್ಕದ ತಂಗುಮನೆಯಿಂದ
ರಾತ್ರೋರಾತ್ರಿ ಯಾಕೆ ಎದ್ದು ಹೋಗುತ್ತಾರೆ?
ಚಿಕ್ಕ ಪ್ರಶ್ನೆಗೆ ಎಂಬತ್ತು ಪುಟದ ಪೀಠಿಕೆ.
ಸಮಿತಿಯವರು ಮೂರು ಸಲ ವಾಪಸು ಕಳಿಸಿದರು,
ಒಮ್ಮೆ ಬರೀ ಅಲ್ಪವಿರಾಮಗಳಿಗಾಗಿ.

ಪಾಳಿ ಮುಗಿಸಿ ಸೈಕಲ್ ಟ್ಯಾಕ್ಸಿಯ ಹಿಂದೆ ಕೂತು
ಸರೋವರದ ದಂಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆ.
ಚೀಲದಲ್ಲಿ ಧ್ವನಿಮುದ್ರಕ, ಒಪ್ಪಿಗೆ ಪತ್ರ, ಹೆಬ್ಬೆಟ್ಟಿಗೆ ಮಸಿ,
ಅಭ್ಯಾಸಬಲದಿಂದ ಹಳೆಯ ಮರದ ತುತ್ತೂರಿಯೂ:
ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದರೆ
ಒಳಗೆಲ್ಲೋ ಮೇಕೆಮರಿ ಓಡುವ ಗೊರಸಿನ ಸದ್ದು.

ಹದಿನಾಲ್ಕನೆಯವಳು ಮೀನು ಒಣಗಿಸುತ್ತಿದ್ದಳು.
ಬೆರಳುದ್ದದ ಉಸಿಪಾ ಮೀನು, ಸಾವಿರಾರು ಬೆಳ್ಳಿ ಚೂರು,
ಮಗ್ಗುಲು ತಿರುಗಿಸುತ್ತಲೇ ಮಾತು. ಬೆನ್ನಿಗೆ ಕಟ್ಟಿದ ಮಗು.
"ಹೆಸರೇನು?"
"ಫುನ್ಸಾನಿ."

ಫುನ್ಸಾನಿ ಅಂದರೆ, ಕೇಳಿ.
ನಮ್ಮ ಕಡೆ ಹೆಸರೆನ್ನುವುದು ಕರೆಯಲಿಕ್ಕೆ ಮಾತ್ರವಲ್ಲ,
ಅತ್ತೆಗೆ, ಗಂಡನಿಗೆ, ದೇವರಿಗೆ
ಬಾಯಿಬಿಟ್ಟು ಹೇಳಲಾಗದ್ದನ್ನು
ಕೂಸಿನ ಹಣೆಗೆ ಹಚ್ಚಿ ಕಳಿಸುವ ದೂರು.

"ಒದೆತ ಕಡಿಮೆಯಾಗಿದೆ ಯಾಕೆ ಅಂತ ಕೇಳಿದೆ.
ಸಿಸ್ಟರ್ ಅಂದರು: ಪ್ರಶ್ನೆ ಕೇಳಬೇಡ, ಹೋಗಿ ಮಲಗು.
ಮಲಗಲಿಲ್ಲ. ಚಾಪೆ ಸುತ್ತಿಕೊಂಡು ಹೊರಟೆ.
ಮಾವಿನ ಮರದ ಹತ್ತಿರ ಬೇನೆ ಬಂತು.
ಇವಳು ಉಳಿದಳು.
ಇಬ್ಬರಿದ್ದರು."
ಆಮೇಲೆ ಒಂಬತ್ತು ನಿಮಿಷ ಧ್ವನಿಮುದ್ರಕದಲ್ಲಿ
ಮೀನು ತಿರುವುವ ಸದ್ದು ಮಾತ್ರ.

ಕರೆಂಟು ಹೋದ ರಾತ್ರಿ ಟಾರ್ಚಿನ ಬೆಳಕಲ್ಲಿ
ಅವಳು ಹೇಳಿದ ತಾರೀಖು ಹಿಡಿದು
ವಾರ್ಡಿನ ದಪ್ಪ ರಿಜಿಸ್ಟರು ತಿರುವಿದೆ.
ಜನವರಿ, ಎರಡನೇ ಭಾನುವಾರ.
ಐವತ್ತೊಂದು ಜನಕ್ಕೆ ಇಬ್ಬರೇ ಪಾಳಿಯವರು;
ಒಬ್ಬಳು ಮಲೇರಿಯಾ ಜ್ವರದಲ್ಲಿ ಮನೆಗೆ ಹೋಗಿದ್ದಳು.
ಉಳಿದವಳ ಕೈಬರಹ
ನನ್ನದು.

ನೆನಪಿಲ್ಲ. ಎಷ್ಟು ಹಿಂಡಿದರೂ ನೆನಪಿಲ್ಲ.
ನೆನಪಿಡುವಷ್ಟು ದೊಡ್ಡ ಮಾತಾಗಿರಲಿಲ್ಲ ಅದು,
ದಿನಕ್ಕೆ ಹತ್ತು ಸಲ ಹೇಳುವ ಮಾತು.

"ಹೆಸರು ತೆಗೆಯಿರಿ," ಅಂದರು ಪ್ರೊಫೆಸರ್,
"ಗುರುತು ಸಿಕ್ಕಿಬಿಡುತ್ತದೆ."
ಯಾರ ಗುರುತು, ಎಂದು ಕೇಳಲಿಲ್ಲ.
ತೆಗೆದೆ. ಭಾಗಿ ೧೪, ಎಂದು ಬರೆದೆ.
'ಸಂಶೋಧಕಿಯ ನಿಲುವು' ಎಂಬ ತಲೆಬರಹದ ಕೆಳಗೆ
ನಿಯಮದಂತೆ ಅರ್ಧ ಪುಟ ಜಾಗವಿದೆ.
ಅರ್ಧ ಪುಟ! ಹನ್ನೊಂದು ಸಲ ಬರೆದು ಅಳಿಸಿದೆ.

ಕಡೆಗೆ ಒಂದು ಶನಿವಾರ
ಧ್ವನಿಮುದ್ರಕ ಮನೆಯಲ್ಲೇ ಬಿಟ್ಟು ಹೋದೆ.
"ಮತ್ತೆ ಕೇಳಲಿಕ್ಕೆ ಬಂದಿರಾ?"
"ಇಲ್ಲ. ಹೇಳಲಿಕ್ಕೆ."
ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.
"ಗೊತ್ತಿತ್ತು. ಮೊದಲ ದಿನವೇ ದನಿ ಹಿಡಿದೆ."
"ಮತ್ತೆ ಯಾಕೆ ನನ್ನ ಜೊತೆ ಮಾತಾಡಿದೆ?"
ಮೀನಿನ ತಟ್ಟಿಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು,
ಎತ್ತಿರಿ ಎಂದು ಕಣ್ಣಲ್ಲೇ ಹೇಳಿ,
"ಕೇಳಿದಿರಲ್ಲ," ಅಂದಳು.

ಕ್ಷಮಿಸಿದಳೋ ಇಲ್ಲವೋ, ನನಗಿನ್ನೂ ತಿಳಿದಿಲ್ಲ.
ಬೆನ್ನಿಂದಿಳಿದ ಹುಡುಗಿ ನನ್ನ ಚೀಲ ಕೆದಕಿ
ಮರದ ತುತ್ತೂರಿ ಎತ್ತಿಕೊಂಡು
ತಪ್ಪು ತುದಿಗೆ ಬಾಯಿಟ್ಟು
ಕೆನ್ನೆಯುಬ್ಬಿಸಿ ಊದುತ್ತಿದ್ದಳು.

ನಾಲ್ಕನೇ ಅಧ್ಯಾಯ ಸೋಮವಾರ ಕೊಡಬೇಕು.
ಕೈಯೆಲ್ಲ ಮೀನಿನ ವಾಸನೆ.