ಹನ್ನೊಂದು

ದವಡೆಗೆ ಸೆರಗೊತ್ತಿ ಕೂತ ಶೇವಂತಾ ತಾಂಡೇಲ
ಗಾಜಿಗೆ ಬೆರಳಿಟ್ಟು ಕೇಳಿದಳು:
'ಇವು ಕಿಲೋಗೆಷ್ಟು?'

ಕಿಲೋ ಅಲ್ಲ ಅಕ್ಕಾ, ಜೋಡಿಗೆ ಅರವತ್ತು.
ನಿಯಾನ್ ಟೆಟ್ರಾ. ತಿನ್ನೋದಲ್ಲ.

ನಗಲು ಹೋಗಿ ನರಳಿದಳು.

ಹಲ್ಲಿನ ಡಾಕ್ಟರರ ಬೀಗ ತೆಗೆದು, ಕಸ ಗುಡಿಸಿ,
ಚಿಟಿಕೆ ಪುಡಿ ಉದುರಿಸಿ
ದಿನಾ ಎಣಿಸುವವಳು ನಾನು. ಹನ್ನೊಂದು.
ಒಂದು ತಿರುಗಿದರೆ ಹನ್ನೊಂದೂ ತಿರುಗುತ್ತವೆ,
ಯಾರೋ ದಾರ ಜಗ್ಗಿದ ಹಾಗೆ.

'ಬಂಗಡೆಯೂ ಹೀಗೇ' ಅಂದಳು.
'ಬೈತಖೋಲ ಗುಡ್ಡದ ಮೇಲೆ ನಿಂತು ನಮ್ಮಪ್ಪ
ನೀರು ಕಪ್ಪಾದ ಕಡೆಗೆ ಟವೆಲ್ ಬೀಸೋನು.
ಕೆಳಗೆ ರಂಪಣಿ ದೋಣಿ ಹೊರಡೋದು.'

ನಾನೂ ಹೇಳಿದೆ, ನನಗೆ ಗೊತ್ತಿದ್ದಷ್ಟು:
ರಾತ್ರಿ ಕತ್ತಲಾದರೆ ಇವು ಬಣ್ಣ ಕಳಚಿಡುತ್ತವೆ.
ಬೆಳಿಗ್ಗೆ ದೀಪ ಹಾಕಿದಾಗ ಬರೀ ಬೂದಿ ನೂಲು,
ಆಮೇಲೆ ಮೆಲ್ಲಗೆ ನೀಲಿ,
ಅದರ ಕೆಳಗೆ ಕೆಂಪು.

'ತಿರುಗಿ ಬರ್ತದಾ?'
ಬರ್ತದೆ.
'ನಮ್ಮವಕ್ಕೆ ಬರೂದಿಲ್ಲ. ಬುಟ್ಟಿಗೆ ಬೀಳೂದೇ ತಡ...'

ಒಳಗಿಂದ ಅವಳ ಹೆಸರು ಕರೆದರು.
ಚೀಲ ನನ್ನ ಕೈಗೆ ಕೊಟ್ಟು ಎದ್ದಳು.

ಬೆರಳಿಟ್ಟಲ್ಲಿ ಗಾಜಿಗಂಟಿದೆ
ಒಂದು ಹುರುಪೆ, ಉಗುರಿಗಿಂತ ಸಣ್ಣದು, ಕಡಲಿನದು.
ಆಚೆ ಕಡೆ ಹನ್ನೊಂದೂ ಬಂದು ನಿಂತಿವೆ.
ಒರೆಸಬೇಕು.
ಡ್ರಿಲ್ಲಿನ ಸದ್ದು ನಿಂತ ಮೇಲೆ ಒರೆಸುತ್ತೇನೆ.